ಕೇಳಿ, ಹೇಳ್ತೀವಿ: ನೀರುಗಿಡಗಳ ಸಂಶೋಧನೆ ಎಲ್ಲಿಗೆ ಬಂತು?

ಹೋದ ಸಂಚಿಕೆಲಿ ನೀರಿನ ಕಳೆಗಳ ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಹಾಕಿದ್ವಿ. ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಒಂದೇ ತರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿದೀನಿ, ತುಂಬಾ ಉದ್ದ ಇದ್ದವನ್ನ ಸ್ವಲ್ಪ ಕತ್ತರಿಸಿದೀನಿ, ಬೇಜಾರ್ ಮಾಡ್ಕೋಬೇಡಿ. ಈ ಸಲದ ಅಂಕಣ ಪೂರ್ತಿ ಉಷ್ಣವಲಯದ ಸಿಹಿನೀರಿನ ಗಿಡಗಳದ್ದೇ.

ಪ್ರಶ್ನೆ: ಸಾರ್, ಉಷ್ಣವಲಯದ ನೀರುಗಿಡಗಳ ಮೇಲೆ ಏನೇನ್ ರಿಸರ್ಚ್ ಆಗಿದೆ ಅಂತ ನೆಟ್ಟಲ್ಲಿ ಹುಡುಕಿದ್ರೆ ಎಲ್ಲಿ ನೋಡಿದ್ರೂ ಆ ನೇರಳೆ ಹೂವಿನ ವಾಟರ್ ಹಯಸಿಂತೇ ಬರುತ್ತೆ. ಬೇರೆ ಗಿಡಗಳೇ ಇಲ್ವಾ, ಅಥವಾ ವಿಜ್ಞಾನಿಗಳಿಗೆ ಬೇರೇದರಲ್ಲಿ ಇಂಟರೆಸ್ಟ್ ಇಲ್ವಾ?

ಗಿಡಗಳು ಬೇಕಾದಷ್ಟಿದಾವೆ. 2008ರಲ್ಲಿ ಇಡೀ ಪ್ರಪಂಚದ ಲೆಕ್ಕ ತೆಗೆದಾಗ ಸಿಹಿನೀರಿನ ದೊಡ್ಡ ಗಿಡಗಳು, ಅಂದ್ರೆ ಪಾಚಿ ಬಿಟ್ಟು ಬೇರು ಕಾಂಡ ಎಲೆ ಇರೋವು, 2,614 ಜಾತಿ ಅಂತ ಬಂತು. ಅದರಲ್ಲಿ ಅತಿ ಹೆಚ್ಚು, 984 ಜಾತಿ, ಮಧ್ಯ ಮತ್ತೆ ದಕ್ಷಿಣ ಅಮೆರಿಕದ ಕಡೆಯವು. 2019ರಲ್ಲಿ ಇನ್ನೊಂದು ತಂಡ ಲೆಕ್ಕ ಹಾಕಿದಾಗ 3,457 ಆಯ್ತು. ನಡುವೆ ಎಂಟುನೂರು ಗಿಡ ಹೊಸದಾಗಿ ಹುಟ್ಕೊಂಡ್ವು ಅಂತ ತಿಳ್ಕೋಬೇಡಿ. ಅರ್ಧ ಕಾಲ ನೀರಲ್ಲಿದ್ದು ಅರ್ಧ ಕಾಲ ಕೆಸರಲ್ಲಿರೋ ಗಿಡಾನ ನೀರುಗಿಡ ಅನ್ಬೇಕಾ ಬೇಡ್ವಾ ಅನ್ನೋದ್ರ ಮೇಲೇ ಸಂಖ್ಯೆ ಏರುತ್ತೆ ಇಳಿಯುತ್ತೆ.

ಇನ್ನು ಇಂಟರೆಸ್ಟ್ ವಿಷ್ಯ. ನಂಗನ್ಸೋದು ಇಷ್ಟು, ಈ ಕ್ಷೇತ್ರದಲ್ಲಿ ಯಾವ ಗಿಡ ಯಾರಿಗೆ ತೊಂದರೆ ಕೊಟ್ಟಿತೋ ಆ ಗಿಡಕ್ಕೆ ದುಡ್ಡು ಬಂತು, ದುಡ್ಡು ಬಂದ ಕಡೆ ಸಂಶೋಧನಾ ಪೇಪರ್ ಬಂತು. 1958ರ ಕೊನೆಗೆ ಆಫ್ರಿಕಾದ ಜಾಂಬೆಜಿ ನದಿಗೆ ಕರೀಬಾ ಡ್ಯಾಮ್ ಕಟ್ಟಿ ನೀರು ನಿಲ್ಲಿಸಿದ್ರು. ಮುಂದಿನ ವರ್ಷಾನೇ ಸಾಲ್ವೀನಿಯಾ ಅನ್ನೋ ತೇಲೋ ಜರೀಗಿಡ ಕಾಣಿಸ್ಕೊಂತು, 1962ರ ಹೊತ್ತಿಗೆ ಸುಮಾರು 1,000 ಚದರ ಕಿಲೋಮೀಟರ್ ನೀರು ಮುಚ್ಕೊಂಡಿತ್ತು. ಕರೆಂಟ್ ತೆಗೆಯೋಕೆ ಕಟ್ಟಿದ ಡ್ಯಾಮು, ಮೀನು ಹಿಡಿಯೋರು, ದೋಣಿ ಓಡ್ಸೋರು ಎಲ್ರೂ ಬಾಯಿ ಬಡ್ಕೊಂಡಾಗ ಸಂಶೋಧನೆಗೆ ದುಡ್ಡು ಹುಟ್ತು. ಆಫ್ರಿಕಾದ್ದೇ ಆದ ವಿಕ್ಟೋರಿಯಾ ಸರೋವರದಲ್ಲಿ ಹಯಸಿಂತ್ ಕಥೆನೂ ಅದೇ. ಹಂಗಾಗಿ ತುಂಬಾ ವರ್ಷ ಪ್ರಶ್ನೆ ಒಂದೇ: ಇದನ್ನ ಸಾಯ್ಸೋದು ಹೇಗೆ?

ಈಗಿನ ಟ್ರೆಂಡ್ ಬದಲಾಗಿದೆ. ಕಳೆದ ಹದಿನೈದು ಇಪ್ಪತ್ತು ವರ್ಷದಲ್ಲಿ ಜೀನೋಮ್, ಅಂದ್ರೆ ಗಿಡದ ಪೂರ್ತಿ ಡಿಎನ್‌ಎ, ಓದೋದು ಅಗ್ಗ ಆಯ್ತು, ಸ್ಯಾಟಲೈಟ್ ಚಿತ್ರ ಪುಕ್ಕಟೆ ಆಯ್ತು, ಹವಾಮಾನದ ಲೆಕ್ಕಕ್ಕೆ ಉಷ್ಣವಲಯದ ಜೌಗು ಪ್ರದೇಶ ಬೇಕೇ ಬೇಕು ಅಂತಾಯ್ತು. ಬ್ರೆಜಿಲ್ಲಿನಂಥ ದೇಶಗಳಲ್ಲಿ ತಮ್ಮ ನದಿಗಳ ಮೇಲೆ ತಾವೇ ಕೆಲಸ ಮಾಡೋ ದೊಡ್ಡ ತಂಡಗಳು ಬೆಳೆದ್ವು, ಮೇಲಿನ ಪರಾನಾ ನದಿಯ ಪ್ರವಾಹ ಬಯಲಿನ ಮೇಲೆ ಮರಿಂಗಾ ವಿಶ್ವವಿದ್ಯಾಲಯದವರು ದಶಕಗಟ್ಟಲೆ ಮಾಡ್ತಿರೋ ಕೆಲಸ ಇದಕ್ಕೆ ಒಳ್ಳೆ ಉದಾಹರಣೆ. ಮೊದಲು ಯುರೋಪಿನ ಕೆರೆಗಳಲ್ಲಿ ಕಂಡ ನಿಯಮಾನೇ ತಂದು ಇಲ್ಲಿಗೂ ಹಚ್ಚೋರು. ಆದ್ರೆ ಉಷ್ಣವಲಯದ ದೊಡ್ಡ ನದಿಲಿ ವರ್ಷಕ್ಕೊಮ್ಮೆ ನೀರು ಹತ್ತಾರು ಅಡಿ ಏರಿ ಇಳಿಯುತ್ತೆ, ಅಲ್ಲಿ ಗಿಡದ ಬದುಕನ್ನ ಚಳಿಗಾಲ ಬೇಸಿಗೆಗಿಂತ ಆ ಏರಿಳಿತಾನೇ ಹೆಚ್ಚು ನಿರ್ಧಾರ ಮಾಡುತ್ತೆ. ಇದನ್ನ 1989ರಲ್ಲಿ ಯುಂಕ್ ಮತ್ತೆ ಸಂಗಡಿಗರು ಫ್ಲಡ್ ಪಲ್ಸ್ ಅಂತ ಸಿದ್ಧಾಂತ ಮಾಡಿ ಹೇಳಿದ್ಮೇಲೆ ಯೋಚನೆ ಮಾಡೋ ರೀತಿನೇ ತಿರುಗ್ತು.

ಅಂದಹಾಗೆ ಹಯಸಿಂತನ್ನ ಪೂರ್ತಿ ಬೈಯೋ ಹಾಗೂ ಇಲ್ಲ. ಅದರ ಮೇಲೆ ಆಗಿರೋ ಒಳ್ಳೆ ಕೆಲಸ ನಿಜವಾಗ್ಲೂ ಚೆನ್ನಾಗಿದೆ. ಅದರ ಹೂವಲ್ಲಿ ಮೂರು ತರ ಇದೆ: ಶಲಾಕೆ, ಅಂದ್ರೆ ಹೂವಿನ ಹೆಣ್ಣುಭಾಗದ ಕಡ್ಡಿ, ಉದ್ದ ಇರೋದು, ಮಧ್ಯಮ, ಗಿಡ್ಡ. ತವರಾದ ದಕ್ಷಿಣ ಅಮೆರಿಕದಲ್ಲಿ ಮೂರೂ ಸಿಗುತ್ತೆ. ಹೊರಗಡೆ ಪ್ರಪಂಚದಲ್ಲೆಲ್ಲಾ ಹಬ್ಬಿರೋದು ಹೆಚ್ಚುಕಮ್ಮಿ ಮಧ್ಯಮದ್ದೊಂದೇ, ಗಿಡ್ಡದ್ದಂತೂ ತವರು ಬಿಟ್ಟು ಹೊರಗೆ ಬಂದೇ ಇಲ್ಲ. ಡಿಎನ್‌ಎ ನೋಡಿದ್ರೆ ಹೊರಗಿನ ಬಹುಪಾಲು ಗಿಡಗಳು ಕೆಲವೇ ಕ್ಲೋನ್‌ಗಳ (ಒಂದೇ ಗಿಡದ ತದ್ರೂಪುಗಳ) ಸಂತಾನ, ಅದರಲ್ಲೂ ಒಂದೇ ಒಂದು ಕ್ಲೋನ್ ಖಂಡ ಖಂಡ ದಾಟಿ ಕೂತಿದೆ. ಬೀಜ ಹಾರಿ ಬಂದಿದ್ದಲ್ಲ, ಹೂ ಚೆನ್ನಾಗಿದೆ ಅಂತ ಮನುಷ್ಯನೇ ಹೊತ್ಕೊಂಡು ಬಂದಿದ್ದು. ಐಕೋರ್ನಿಯಾ ಅಂತಿದ್ದ ಅದರ ವೈಜ್ಞಾನಿಕ ಹೆಸರು 2018ರಿಂದ ಪಾಂಟೆಡೇರಿಯಾ ಕ್ರಾಸಿಪೆಸ್ ಆಗಿದೆ, ಹುಡುಕುವಾಗ ಎರಡೂ ಹಾಕಿ, ಇಲ್ದಿದ್ರೆ ಅರ್ಧ ಪೇಪರ್ ಸಿಗಲ್ಲ.

ಪ್ರಶ್ನೆ: ಕಳೆ ತಿನ್ನೋ ಹುಳು ಬಿಟ್ರೆ ಸಾಕು, ಎಲ್ಲಾ ಕ್ಲೀನ್ ಆಗುತ್ತೆ ಅಂತ ಓದಿದೆ. ನಂಬೋದಾ? ಕಳೆ ಖಾಲಿ ಆದ್ಮೇಲೆ ಆ ಹುಳು ಬೆಳೆಗೆ ಬೀಳಲ್ವಾ?

ಎರಡನೇ ಭಯ ಮೊದಲು ತೆಗೆದುಹಾಕ್ತೀನಿ. ಈ ಕೆಲಸಕ್ಕೆ ಆರಿಸೋ ಹುಳುಗಳು ಒಂದೇ ಗಿಡಕ್ಕೆ ಅಂಟ್ಕೊಂಡಿರೋವು, ಬಿಡೋಕೆ ಮುಂಚೆ ಸುತ್ತಮುತ್ತಲಿನ ಬೆಳೆ, ಹತ್ತಿರದ ಜಾತಿ ಎಲ್ಲಾ ಮುಂದಿಟ್ಟು ತಿನ್ನುತ್ತಾ, ಮೊಟ್ಟೆ ಇಡುತ್ತಾ ಅಂತ ಪರೀಕ್ಷೆ ಮಾಡ್ತಾರೆ. ಆ ಗಿಡ ಹೋದ್ರೆ ಹುಳುವಿನ ಸಂಖ್ಯೆನೂ ಬಿದ್ದುಹೋಗುತ್ತೆ.

ಮೊದಲನೇದಕ್ಕೆ ಉತ್ತರ ಸಾಲ್ವೀನಿಯಾ ಕಥೆಲಿದೆ, ಅದು ನನ್ನ ಫೇವರಿಟ್ಟು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ. ಕರೀಬಾ ಕಾಲದಲ್ಲಿ ಅದನ್ನ ಸಾಲ್ವೀನಿಯಾ ಆರಿಕ್ಯುಲೇಟಾ ಅಂತ ಅಂದ್ಕೊಂಡಿದ್ರು. ಅದರ ಶತ್ರು ಹುಡುಕ್ತಾ ದಕ್ಷಿಣ ಅಮೆರಿಕಕ್ಕೆ ಹೋದ್ರು, ಆರಿಕ್ಯುಲೇಟಾ ತಿನ್ನೋ ಒಂದು ಮೂತಿ ಹುಳು ತಂದ್ರು, ಆಫ್ರಿಕಾದಲ್ಲಿ ಬಿಟ್ರು, ಕಳೆ ಅಳ್ಳಾಡ್ಲಿಲ್ಲ. 1972ರಲ್ಲಿ ಮಿಚೆಲ್ ಅನ್ನೋ ಸಸ್ಯವಿಜ್ಞಾನಿ ಇದು ಆರಿಕ್ಯುಲೇಟಾನೇ ಅಲ್ಲ, ಬೇರೆ ಜಾತಿ ಅಂತ ತೋರ್ಸಿ ಸಾಲ್ವೀನಿಯಾ ಮೊಲೆಸ್ಟಾ ಅಂತ ಹೆಸರಿಟ್ಟ. ಐದು ಸೆಟ್ ಕ್ರೋಮೋಸೋಮ್ ಇರೋ ಗಿಡ ಅದು, ಸಂತಾನೋತ್ಪತ್ತಿ ಆಗೋ ಬೀಜಕಣ ಬರೋದೇ ಇಲ್ಲ, ಬರೀ ತುಂಡಾಗಿ ತುಂಡಾಗಿ ಬೆಳೆಯೋದು. ಅದರ ತವರು ಎಲ್ಲಿ ಅಂತ ಗೊತ್ತಾಗೋಕೆ 1978 ಬರಬೇಕಾಯ್ತು, ಬ್ರೆಜಿಲ್ಲಿನ ಆಗ್ನೇಯ ಮೂಲೆ. ಅಲ್ಲಿಂದ ತಂದ ಮೂತಿ ಹುಳು ನೋಡೋಕೆ ಮೊದಲಿನದ್ರ ತರಾನೇ ಇತ್ತು, ಹಾಗಾಗಿ ಅದೇ ಜಾತಿ ಅಂತ್ಲೇ ತಿಳ್ಕೊಂಡು 1980ರಲ್ಲಿ ಆಸ್ಟ್ರೇಲಿಯಾದ ಮೂಂಡಾರಾ ಸರೋವರದಲ್ಲಿ ಬಿಟ್ರು. ಒಂದೂಕಾಲು ವರ್ಷದಲ್ಲಿ 200 ಹೆಕ್ಟೇರ್ ಕಳೆ ಹೆಚ್ಚುಕಮ್ಮಿ ನಿರ್ನಾಮ! ಆಮೇಲೆ 1985ರಲ್ಲಿ ಸರಿಯಾಗಿ ನೋಡಿದ್ರೆ ಹುಳುನೂ ಬೇರೆ ಜಾತಿನೇ, ಸಿರ್ಟೊಬೇಗಸ್ ಸಾಲ್ವೀನಿಯೇ. ಗಿಡದ ಗುರುತೂ ತಪ್ಪು, ಹುಳುವಿನ ಗುರುತೂ ತಪ್ಪು, ಎರಡೂ ಸರಿಹೋದ್ಮೇಲೆ ಕೆಲಸ ಆಯ್ತು. ವರ್ಗೀಕರಣ ಅಂದ್ರೆ ಮ್ಯೂಸಿಯಂನಲ್ಲಿ ಕೂತು ಹೆಸರಿಡೋ ಹಳೇ ಕಾಲದ ಕೆಲಸ ಅನ್ನೋರಿಗೆ ನಾನು ಈ ಕಥೆ ಹೇಳ್ತಿರ್ತೀನಿ.

ಇಲ್ಲಿಗೆ ಮುಗೀಲಿಲ್ಲ. ಪಪುವಾ ನ್ಯೂಗಿನಿಯ ಸೆಪಿಕ್ ನದಿಲಿ ಅದೇ ಹುಳು ಬಿಟ್ಟಾಗ ಮೊದಲು ನೆಲೆ ನಿಲ್ಲಲೇ ಇಲ್ಲ. ಅಲ್ಲಿಯ ನೀರಲ್ಲಿ ಪೋಷಕಾಂಶ ಕಮ್ಮಿ, ಗಿಡದ ಎಲೆಲಿ ಸಾರಜನಕ ಕಮ್ಮಿ, ಹುಳುವಿಗೆ ಹೊಟ್ಟೆ ತುಂಬ್ತಿರ್ಲಿಲ್ಲ. ಆಗ ಅವರು ಮಾಡಿದ್ದು ಕೇಳಿದ್ರೆ ನಗು ಬರುತ್ತೆ, ಕಳೆಗೆ ಯೂರಿಯಾ ಹಾಕಿದ್ರು! ಕಳೆ ಚೆನ್ನಾಗಿ ಕೊಬ್ಬಿತು, ಹುಳುನೂ ಕೊಬ್ಬಿತು, ಒಂದು ಸಲ ಸಂಖ್ಯೆ ಏರಿದ್ಮೇಲೆ ತಿಂದು ಬೀಳಿಸೋ ಎಲೆಗಳ ಏಟಿಗೆ ಗಿಡದ ಸಾರಜನಕಾನೂ ಏರಿ ಆಮೇಲೆ ಗೊಬ್ಬರ ಬೇಕಾಗ್ಲಿಲ್ಲ. ಸುಮಾರು 250 ಚದರ ಕಿಲೋಮೀಟರ್ ಇದ್ದಿದ್ದು 2 ಚದರ ಕಿಲೋಮೀಟರಿಗೆ ಇಳೀತು.

ಹಯಸಿಂತ್ ವಿಷ್ಯದಲ್ಲಿ ಇಷ್ಟು ಸಲೀಸಲ್ಲ. ವಿಕ್ಟೋರಿಯಾ ಸರೋವರದಲ್ಲಿ 1998ರ ಹೊತ್ತಿಗೆ 17,000 ಹೆಕ್ಟೇರಿಗೂ ಹೆಚ್ಚು ಹಬ್ಬಿತ್ತು, 90ರ ದಶಕದ ಮಧ್ಯದಲ್ಲಿ ಬಿಟ್ಟ ಮೂತಿ ಹುಳುಗಳು ಅಷ್ಟರಲ್ಲಿ ಚೆನ್ನಾಗಿ ಬೆಳೆದಿದ್ವು, ಅದೇ ಹೊತ್ತಿಗೆ 1997-98ರ ಎಲ್ ನಿನ್ಯೋ (ಪೆಸಿಫಿಕ್ ಸಾಗರ ಬಿಸಿ ಆಗಿ ಹವಾಮಾನ ಏರುಪೇರಾಗೋದು) ಮಳೆ ಮೋಡ ಗಾಳಿ ಎಲ್ಲಾ ಬಂತು, ಆಮೇಲೆ ಕಳೆ ಧಡಾರಂತ ಇಳೀತು. ಹುಳು ಕೆಲಸಾನಾ, ಎಲ್ ನಿನ್ಯೋ ಕೆಲಸಾನಾ ಅಂತ ಎರಡು ಗುಂಪು ವರ್ಷಗಟ್ಟಲೆ ಪೇಪರ್‌ನಲ್ಲಿ ಜಗಳ ಆಡಿದಾರೆ. ನಂಗೆ ಎರಡೂ ಅನ್ಸುತ್ತೆ. ಹುಳು ತಿಂದು ಸೊರಗಿದ ಗಿಡ ಅಲೆ ಏಟು ತಡ್ಕೊಳಲ್ಲ. ಕೊಳಚೆ ನೀರು ಬಂದು ಸೇರ್ತಾ ಇರೋವರೆಗೂ ಕಳೆ ಮತ್ತೆ ಮತ್ತೆ ಬರುತ್ತೆ, ಬಂದಿದೆ ಕೂಡ.

ಪ್ರಶ್ನೆ: ತಾವರೆ, ನೈದಿಲೆ ಎರಡೂ ಒಂದೇ ಕುಟುಂಬ ಅಲ್ವಾ? ನನ್ನ ಮಗಳ ಪುಸ್ತಕದಲ್ಲಿ ಬೇರೆ ಅಂತಿದೆ.

ಪುಸ್ತಕ ಸರಿ ಇದೆ ಮೇಡಂ. ನೋಡೋಕೆ ಒಂದೇ ತರ, ಸಂಬಂಧ ತುಂಬಾ ದೂರ. ನೈದಿಲೆ ಹೂ ಬಿಡೋ ಗಿಡಗಳ ವಂಶವೃಕ್ಷದಲ್ಲಿ ಬುಡದಲ್ಲೇ ಕವಲೊಡೆದ ಹಳೇ ಗುಂಪು, ಅದಕ್ಕೇ 2020ರಲ್ಲಿ ನಿಂಫಿಯಾ ಕೊಲೊರಾಟಾ ಅನ್ನೋ ನೀಲಿ ನೈದಿಲೆ ಜೀನೋಮ್ ಬಂದಾಗ ಅಷ್ಟು ಸುದ್ದಿ ಆಯ್ತು. ತಾವರೆಯ ಹತ್ತಿರದ ನೆಂಟರು ಯಾರು ಗೊತ್ತಾ, ಮೆಕಡೇಮಿಯಾ ಬೀಜದ ಮರ! ತಾವರೆ ಜೀನೋಮ್ 2013ರಲ್ಲೇ ಬಂದಿದೆ. ಅದರ ಎಲೆ ಮೇಲೆ ನೀರು ನಿಲ್ಲದ ಗುಟ್ಟನ್ನ 1997ರಲ್ಲಿ ಜರ್ಮನಿಯ ಬಾರ್ಟ್‌ಲಾಟ್ ಮತ್ತೆ ನೈನ್‌ಹುಯಿಸ್ ಬಿಡಿಸಿ ಹೇಳಿದ್ರು, ಸಣ್ಣ ಸಣ್ಣ ಉಬ್ಬುಗಳ ಮೇಲೆ ಮೇಣದ ಹರಳುಗಳು, ಅದನ್ನ ನೋಡಿ ತಮ್ಮಷ್ಟಕ್ಕೆ ತಾವೇ ಕ್ಲೀನ್ ಆಗೋ ಪೇಂಟ್ ಎಲ್ಲಾ ಬಂತು. ಇನ್ನೊಂದು ವಿಷ್ಯ ಮಗಳಿಗೆ ಹೇಳಿ, ತಾವರೆ ಹೂ ತನ್ನ ಮೈ ಬಿಸಿ ತಾನೇ ನೋಡ್ಕೊಳುತ್ತೆ, ಹೊರಗೆ 10 ಡಿಗ್ರಿ ಇದ್ರೂ ಹೂವೊಳಗೆ 30ರಿಂದ 36 ಡಿಗ್ರಿ ಇಟ್ಕೊಳುತ್ತೆ. 1996ರಲ್ಲಿ ಅಳೆದು ತೋರ್ಸಿದಾರೆ.

ಪ್ರಶ್ನೆ: ಈಗಲೂ ಹೊಸ ಜಾತಿ ಸಿಗ್ತಾವಾ? ಎಲ್ಲಾ ಹುಡುಕಿ ಮುಗಿದಿರ್ಬೇಕಲ್ವಾ?

ಎಲ್ಲಿ ಮುಗಿಯುತ್ತೆ. 2022ರ ಜುಲೈನಲ್ಲಿ ಮೂರು ಮೀಟರ್ ಅಗಲ ಎಲೆ ಬಿಡೋ ಗಿಡಾನೇ ಹೊಸ ಜಾತಿ ಅಂತ ಪ್ರಕಟ ಆಯ್ತು. ವಿಕ್ಟೋರಿಯಾ ಅನ್ನೋ ದೈತ್ಯ ನೈದಿಲೆ ಗೊತ್ತಲ್ಲ, ಮಗು ಕೂರಿಸಿ ಫೋಟೋ ತೆಗೀತಾರಲ್ಲ, ಅದರಲ್ಲಿ ಎರಡೇ ಜಾತಿ ಅಂತ ತಿಳ್ಕೊಂಡಿದ್ರು. ಮೂರನೇದು, ವಿಕ್ಟೋರಿಯಾ ಬೊಲಿವಿಯಾನಾ, ಲಂಡನ್ನಿನ ಕ್ಯೂ ಗಾರ್ಡನ್ಸ್‌ನ ಒಣಗಿಡ ಸಂಗ್ರಹದಲ್ಲಿ 177 ವರ್ಷದಿಂದ ಸುಮ್ನೆ ಬಿದ್ದಿತ್ತು, ಬೇರೆ ಹೆಸರಲ್ಲಿ. 2016ರಲ್ಲಿ ಬೊಲಿವಿಯಾದ ತೋಟಗಳಿಂದ ಬೀಜ ಬಂತು, ಕ್ಯೂನಲ್ಲಿ ಮೂರನ್ನೂ ಅಕ್ಕಪಕ್ಕ ಬೆಳೆಸಿ ನೋಡಿದಾಗ ಮುಳ್ಳು, ಬೀಜ, ಎಲೆ ಎಲ್ಲಾ ಬೇರೆ ಬೇರೆ ಅಂತ ಕಣ್ಣಿಗೇ ಕಾಣ್ತು, ಆಮೇಲೆ ಡಿಎನ್‌ಎ ಕೂಡ ಒಪ್ತು. ಇಷ್ಟು ದೊಡ್ಡ ಗಿಡ ಗುರುತಿಸೋಕೆ ಇಷ್ಟು ತಡ ಯಾಕಾಯ್ತು ಅಂದ್ರೆ, ಮೂರು ಮೀಟರ್ ಎಲೆನ ಹಾಳೆಗೆ ಅಂಟ್ಸೋಕಾಗಲ್ಲ, ಯಾರೂ ಪೂರ್ತಿ ಸಂಗ್ರಹಿಸಿರಲ್ಲ, ಹೋಲಿಸೋಕೆ ಮಾದರಿನೇ ಇರಲ್ಲ.

ಅದು ಖುಷಿ ಸುದ್ದಿ. ಇನ್ನೊಂದು ಗುಂಪಿದೆ, ಪೊಡೋಸ್ಟೆಮೇಸಿ ಅಂತ, ಸುಮಾರು 300 ಜಾತಿ, ಹೆಚ್ಚುಕಮ್ಮಿ ಎಲ್ಲಾ ಉಷ್ಣವಲಯದ್ದೇ. ಜಲಪಾತ, ರಭಸದ ನೀರು ಹರಿಯೋ ಬಂಡೆ ಮೇಲೆ ಮಾತ್ರ ಬೆಳೆಯುತ್ತೆ. ಮಳೆಗಾಲದಲ್ಲಿ ನೋಡಿದ್ರೆ ಬಂಡೆಗೆ ಅಂಟಿದ ಪಾಚಿ ಇರ್ಬೇಕು ಅಂತೀರಾ, ಬೇರು ಯಾವುದು ಎಲೆ ಯಾವುದು ಗೊತ್ತಾಗಲ್ಲ, ಎಷ್ಟೋ ಜಾತಿಲಿ ಬೇರೇ ಹಸಿರಾಗಿ ಚಪ್ಪಟೆಯಾಗಿ ಎಲೆ ಕೆಲಸ ಮಾಡುತ್ತೆ. ಮಳೆ ನಿಂತು ನೀರು ಇಳಿದು ಬಂಡೆ ಹೊರಗೆ ಬರ್ತಿದ್ದಂಗೆ ಗಡಿಬಿಡಿಲಿ ಹೂ ಬಿಟ್ಟು, ಧೂಳಿನಂಥ ಬೀಜ ಉದುರಿಸಿ, ಬಿಸಿಲಿಗೆ ಸುಟ್ಟುಹೋಗುತ್ತೆ. ಆ ಬೀಜ ಒದ್ದೆ ಆದ ತಕ್ಷಣ ಅಂಟಂಟಾಗಿ ಬಂಡೆ ಹಿಡ್ಕೊಳುತ್ತೆ. ಎಷ್ಟೋ ಜಾತಿಗೆ ಇಡೀ ಭೂಮಿ ಮೇಲೆ ಒಂದೇ ಜಲಪಾತ ಮನೆ.

ಈಗ ಡ್ಯಾಮ್ ಕಟ್ಟೋಕೆ ಒಳ್ಳೆ ಜಾಗ ಯಾವುದು ಹೇಳಿ? ಅದೇ ಜಾಗ. 2018ರಲ್ಲಿ ಗಿನಿ ದೇಶದ ಕೊಂಕೂರೆ ನದಿಲಿ ಡೆನಿಸ್ ಮೊಲ್ಮೂ ಅನ್ನೋ ಸಸ್ಯವಿಜ್ಞಾನಿ ಒಂದು ಗಿಡ ಸಂಗ್ರಹಿಸಿದ್ರು, 2022ರಲ್ಲಿ ಅದನ್ನ ಹೊಸ ಜಾತಿ ಅಂತ ಅವರ ಹೆಸರಲ್ಲೇ ಸ್ಯಾಕ್ಸಿಕೊಲೆಲ್ಲಾ ಡೆನಿಸಿಯೇ ಅಂತ ಕರೆದ್ರು. ಅಷ್ಟರಲ್ಲಿ ಆ ಜಲಪಾತ ಜಲವಿದ್ಯುತ್ ಯೋಜನೆಯ ನೀರಲ್ಲಿ ಮುಳುಗಿಹೋಗಿತ್ತು, ಸ್ಯಾಟಲೈಟ್ ಚಿತ್ರದಲ್ಲಿ ನೋಡಿ ಗೊತ್ತಾಯ್ತು. ಹೆಸರಿಡೋ ಪೇಪರ್‌ನಲ್ಲೇ ಬಹುಶಃ ನಾಶ ಆಗಿದೆ ಅಂತ ಬರೀಬೇಕಾಗಿ ಬಂತು. ತೋಟದಲ್ಲಿ ಬೆಳೆಸಿ ಉಳಿಸೋಣ ಅಂದ್ರೆ ಅದೂ ಕಷ್ಟ, ಹರಿಯೋ ನೀರು, ಬಂಡೆ, ಏರಿಳಿತ ಎಲ್ಲಾ ಬೇಕು. ಕಳೆ ಸಾಯ್ಸೋಕೆ ಖರ್ಚಾದ ದುಡ್ಡಲ್ಲಿ ಚಿಟಿಕೆಯಷ್ಟು ಈ ಗುಂಪಿಗೆ ಬಂದಿದ್ರೂ ಕಥೆ ಬೇರೆ ಇರ್ತಿತ್ತು. ಈ ಗಿಡದಿಂದ ಯಾರ ದೋಣಿನೂ ಸಿಕ್ಕಾಕ್ಕೊಳಲ್ಲ ನೋಡಿ, ಅದೇ ಇದರ ದುರದೃಷ್ಟ.

ಪ್ರಶ್ನೆ: ಪೂರ್ತಿ ಮುಳುಗಿರೋ ಗಿಡ ಇಂಗಾಲದ ಡೈಆಕ್ಸೈಡ್ ಎಲ್ಲಿಂದ ತಗೊಳುತ್ತೆ?

ಒಳ್ಳೆ ಪ್ರಶ್ನೆ, ಯಾಕಂದ್ರೆ ನೀರಲ್ಲಿ ಆ ಅನಿಲ ಗಾಳಿಲಿ ಸಾಗೋದಕ್ಕಿಂತ ಸುಮಾರು 10,000 ಪಟ್ಟು ನಿಧಾನ ಸಾಗುತ್ತೆ. ಎಲೆ ಪಕ್ಕದಲ್ಲಿರೋದು ಖಾಲಿ ಆದ್ರೆ ಹೊಸದು ಬಂದು ಸೇರೋ ಹೊತ್ತಿಗೆ ಗಿಡಕ್ಕೆ ಉಪವಾಸ. ಅದಕ್ಕೇ ಮುಳುಗಿರೋ ಎಲೆಗಳು ತೆಳ್ಳಗೆ, ಸೀಳು ಸೀಳಾಗಿ ಇರ್ತವೆ, ಪತ್ರರಂಧ್ರ ಇರೋದೇ ಇಲ್ಲ. ಪರೀಕ್ಷೆ ಮಾಡಿರೋ ಮುಳುಗು ಗಿಡಗಳಲ್ಲಿ ಸುಮಾರು ಅರ್ಧದಷ್ಟು ನೀರಲ್ಲಿ ಕರಗಿರೋ ಬೈಕಾರ್ಬೊನೇಟನ್ನೂ ಬಳಸ್ಕೊಳ್ತವೆ, ಸುಣ್ಣದಂಶ ಇರೋ ನೀರಲ್ಲಿ ಅಂಥವೇ ಹೆಚ್ಚು ಅಂತ 2019ರಲ್ಲಿ ಜಗತ್ತಿನ ಮಟ್ಟದಲ್ಲಿ ತೋರ್ಸಿದ್ರು.

ಇದರಲ್ಲಿ ಹೀರೋ ಹೈಡ್ರಿಲ್ಲಾ. ಶಾಲೆಲಿ ಬೀಕರ್‌ನಲ್ಲಿಟ್ಟು ಗುಳ್ಳೆ ಎಣಿಸಿದ್ದು ನೆನಪಿದ್ಯಾ, ಅದೇ. ನೀರು ಬಿಸಿ ಆಗಿ, ಗಿಡಗಳೆಲ್ಲಾ ಕಿಕ್ಕಿರಿದು, ಇಂಗಾಲದ ಡೈಆಕ್ಸೈಡ್ ಕಮ್ಮಿ ಆದ್ರೆ ಅದು ಜೋಳ ಕಬ್ಬಿನ ತರ ಸಿ4 ಪದ್ಧತಿಗೆ, ಅಂದ್ರೆ ಆ ಅನಿಲನ ಮೊದಲು ಒಟ್ಟುಮಾಡ್ಕೊಂಡು ಆಮೇಲೆ ಬಳಸೋ ರೀತಿಗೆ, ತಿರುಗುತ್ತೆ. ಜೋಳಕ್ಕೆ ಅದಕ್ಕೆ ಅಂತ ಎರಡು ತರದ ಜೀವಕೋಶ ಬೇಕು. ಹೈಡ್ರಿಲ್ಲಾ ಒಂದೇ ಜೀವಕೋಶದೊಳಗೆ ಮಾಡಿ ಮುಗಿಸುತ್ತೆ, ಬೇಡ ಅನ್ಸಿದಾಗ ಮತ್ತೆ ಹಳೇ ಪದ್ಧತಿಗೆ. ಫ್ಲಾರಿಡಾದಲ್ಲಿ ಬೋವ್ಸ್ ಮತ್ತೆ ಅವರ ಸಂಗಡಿಗರು ದಶಕಗಳ ಕಾಲ ಇದನ್ನ ಬಿಡಿಸ್ತಾ ಕೂತಿದ್ರು. ಐಸೋಯಿಟಿಸ್ ಅಂತ ಇನ್ನೊಂದಿದೆ, ಅದು ಕಳ್ಳಿಗಿಡದ ತರ ರಾತ್ರಿ ಹೊತ್ತು ಇಂಗಾಲ ಹಿಡಿದಿಟ್ಕೊಳುತ್ತೆ, ನೀರೊಳಗೇ ಇದ್ಕೊಂಡು! 1981ರಲ್ಲಿ ಗೊತ್ತಾಗಿದ್ದು, 2021ರಲ್ಲಿ ಅದರ ಒಂದು ಏಷ್ಯಾ ಜಾತಿಯ ಜೀನೋಮ್ ಬಂದ್ಮೇಲೆ ಮತ್ತೆ ಚರ್ಚೆ ಶುರುವಾಗಿದೆ.

ಪ್ರಶ್ನೆ: ನೀರುಗಿಡ ಬೆಳೆದ್ರೆ ಹವಾಮಾನಕ್ಕೆ ಒಳ್ಳೇದು ಅಂತ ಒಬ್ರು, ಮೀಥೇನ್ ಬರುತ್ತೆ ಕೆಟ್ಟದ್ದು ಅಂತ ಇನ್ನೊಬ್ರು. ಯಾವುದು?

ಎರಡೂ ಹೌದು, ಮತ್ತೆ ಈಗ ಅತಿ ಹೆಚ್ಚು ಬಿಸಿ ಇರೋ ವಿಷ್ಯ ಇದೇ. ಅಮೆಜಾನ್ ಪ್ರವಾಹ ಬಯಲಲ್ಲಿ ಎಕಿನೋಕ್ಲೋವಾ ಪಾಲಿಸ್ಟಾಕಿಯಾ ಅನ್ನೋ ಹುಲ್ಲಿದೆ, ನೀರು ಏರಿದ ಹಾಗೆ ತಾನೂ ಏರುತ್ತೆ, ಹೆಕ್ಟೇರಿಗೆ ವರ್ಷಕ್ಕೆ 99 ಟನ್ ಒಣತೂಕ ಅಂತ 1991ರಲ್ಲಿ ಅಳೆದಿದಾರೆ. ಗೊಬ್ಬರ ಇಲ್ದೆ ಇಷ್ಟು ಬೆಳೆಯೋದು ಬಹಳ ಅಪರೂಪ. ಆದ್ರೆ ಅದು ಸತ್ತು ನೀರೊಳಗೆ ಕೊಳೆತಾಗ ಆಮ್ಲಜನಕ ಇಲ್ಲದ ಕೆಸರಲ್ಲಿ ಮೀಥೇನ್ ಹುಟ್ಟುತ್ತೆ. ನೀರುಗಿಡಗಳ ಕಾಂಡದೊಳಗೆ ಗಾಳಿ ಕೊಳವೆಗಳಿರ್ತವೆ, ಬೇರಿಗೆ ಆಮ್ಲಜನಕ ಇಳಿಸೋಕೆ. ಅದೇ ಕೊಳವೆ ಹಿಡಿದು ಮೀಥೇನ್ ಮೇಲೆ ಬರುತ್ತೆ. ಇಳಿದ ಆಮ್ಲಜನಕ ಒಂದಷ್ಟು ಮೀಥೇನನ್ನ ಕೆಸರಲ್ಲೇ ಸುಡುತ್ತೆ ಕೂಡ. ಹಾಗಾಗಿ ಒಂದೇ ಗಿಡ ಒಂದು ಕಡೆ ಹೆಚ್ಚಿಸುತ್ತೆ, ಇನ್ನೊಂದು ಕಡೆ ಕಮ್ಮಿ ಮಾಡುತ್ತೆ, ಪ್ರತಿ ಜಾಗದಲ್ಲೂ ಅಳೆದೇ ನೋಡ್ಬೇಕು.

2017ರಲ್ಲಿ ಎರಡು ದೊಡ್ಡ ಪೇಪರ್ ಬಂದ್ವು. ಒಂದು, ಅಮೆಜಾನ್ ಬಯಲಿನ 2,300ಕ್ಕೂ ಹೆಚ್ಚು ಮರಗಳ ಕಾಂಡಕ್ಕೆ ಡಬ್ಬಿ ಕಟ್ಟಿ ಅಳೆದ್ರೆ ಆ ಮರಗಳೇ ವರ್ಷಕ್ಕೆ ಒಂದೂವರೆಯಿಂದ ಎರಡು ಕೋಟಿ ಟನ್ ಮೀಥೇನ್ ಬಿಡ್ತಿವೆ ಅಂತ. ಅಲ್ಲೀವರೆಗೂ ಆಕಾಶದಿಂದ ಅಳೆದ ಲೆಕ್ಕಕ್ಕೂ ನೀರಿನ ಮೇಲೆ ಅಳೆದ ಲೆಕ್ಕಕ್ಕೂ ತಾಳೆನೇ ಆಗ್ತಿರ್ಲಿಲ್ಲ, ಮಧ್ಯೆ ಕಳೆದುಹೋಗಿದ್ದ ಪಾಲು ಮರದಲ್ಲಿತ್ತು. ಎರಡು, ಕಾಂಗೋ ನದಿಯ ನಡುಭಾಗದ ಜೌಗಿನಲ್ಲಿ ಸುಮಾರು 1,45,500 ಚದರ ಕಿಲೋಮೀಟರ್ ಪೀಟ್, ಅಂದ್ರೆ ಪೂರ್ತಿ ಕೊಳೀದೆ ಶೇಖರ ಆದ ಸತ್ತ ಗಿಡಗಳ ಪದರ, ಇದೆ, ಅದರಲ್ಲಿ ಸುಮಾರು 3,000 ಕೋಟಿ ಟನ್ ಇಂಗಾಲ ಹೂತಿದೆ ಅಂತ. ಅಷ್ಟು ದೊಡ್ಡದು 2017ರವರೆಗೂ ನಕ್ಷೆಲೇ ಇರ್ಲಿಲ್ಲ ಅಂದ್ರೆ ಉಷ್ಣವಲಯ ಎಷ್ಟು ಬಾಕಿ ಇದೆ ನೋಡಿ. ಹಾಗಾಗಿ ಗಿಡ ಒಳ್ಳೇದಾ ಕೆಟ್ಟದ್ದಾ ಅಂತ ಕೇಳೋಕಿಂತ ಆ ಜೌಗನ್ನ ಬರಿದು ಮಾಡಿದ್ರೆ ಏನಾಗುತ್ತೆ ಅಂತ ಕೇಳೋದು ವಾಸಿ. ಆ ಪ್ರಶ್ನೆಗೆ ಉತ್ತರದಲ್ಲಿ ಅನುಮಾನ ಇಲ್ಲ, ಹೂತಿರೋದು ಗಾಳಿಗೆ ಬರುತ್ತೆ.

ಪ್ರಶ್ನೆ: ನಾನು ಎಂಎಸ್ಸಿ ವಿದ್ಯಾರ್ಥಿನಿ. ನೀರುಗಿಡದಿಂದ ಭಾರಲೋಹ ಹೀರಿಸಿ ನೀರು ಶುದ್ಧ ಮಾಡೋ ಪ್ರಾಜೆಕ್ಟ್ ಮಾಡ್ಬೇಕಂತಿದೀನಿ. ಗೈಡ್ ಹಯಸಿಂತ್ ತಗೋ ಅಂದಿದಾರೆ.

ನೋಡಮ್ಮ, ಗೈಡ್ ಮಾತು ಮೀರು ಅಂತ ಹೇಳಲ್ಲ. ಆದ್ರೆ ಬಕೆಟ್ಟಲ್ಲಿ ಗಿಡ ಇಟ್ಟು, ಕ್ಯಾಡ್ಮಿಯಂ ಹಾಕಿ, ಎರಡು ವಾರ ಬಿಟ್ಟು ಎಷ್ಟು ಪರ್ಸೆಂಟ್ ಹೀರ್ತು ಅಂತ ಬರೆದ ಪೇಪರ್ ಈಗಾಗ್ಲೇ ರಾಶಿ ರಾಶಿ ಇದಾವೆ. ಹೀರುತ್ತೆ, ಅದು ಗೊತ್ತಿರೋ ವಿಷ್ಯ. ಆಮೇಲೆ ಲೋಹ ತುಂಬಿದ ಆ ಗಿಡ ಏನ್ ಮಾಡೋದು? ತೆಗೀದೆ ಬಿಟ್ರೆ ಕೊಳೆತು ಎಲ್ಲಾ ವಾಪಸ್ ನೀರಿಗೆ. ತೆಗೆದ್ರೆ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮೇಲೆ ನೀರೇ ಇರೋ ಆ ರಾಶಿನ ಸಾಗ್ಸೋ ಖರ್ಚು. ಗೊಬ್ಬರ ಮಾಡೋಹಾಗಿಲ್ಲ, ದನಕ್ಕೆ ಹಾಕೋಹಾಗಿಲ್ಲ. ನಿನ್ನ ಪ್ರಾಜೆಕ್ಟ್ ಅಲ್ಲಿಂದ ಶುರುವಾಗ್ಲಿ: ಕಿತ್ತಮೇಲೆ ಆ ಲೋಹ ಎಲ್ಲಿ ಹೋಗುತ್ತೆ, ಬೇರಲ್ಲೆಷ್ಟು ಎಲೆಲೆಷ್ಟು, ಒಣಗಿಸಿದ್ರೆ ಎಷ್ಟು ತೊಳೆದುಹೋಗುತ್ತೆ. ಬಕೆಟ್ ಬದಲು ಹರಿಯೋ ನೀರಲ್ಲಿ ಮಾಡೋಕಾದ್ರೆ ಇನ್ನೂ ಒಳ್ಳೇದು. ಊರ ಕೊಳಚೆಯ ಸಾರಜನಕ, ರಂಜಕ ತೆಗೆಯೋಕೆ ಅಂತ ಮನುಷ್ಯರೇ ಗಿಡ ನೆಟ್ಟು ಕಟ್ಟಿದ ಜೌಗುಗಳು ಮಾತ್ರ ನಿಜವಾಗ್ಲೂ ಕೆಲಸ ಮಾಡ್ತಿವೆ, ಅದು ಬೇರೆ ಮಾತು.

ಪ್ರಶ್ನೆ: ಡಕ್‌ವೀಡ್ ಸೂಪರ್‌ಫುಡ್ ಅಂತಿದಾರಲ್ಲ, ನಿಜಾನಾ?

ಡಕ್‌ವೀಡ್ ಅಂದ್ರೆ ನೀರ ಮೇಲೆ ತೇಲೋ ಪುಟಾಣಿ ಗಿಡಗಳ ಗುಂಪು. ಅದರಲ್ಲಿ ವುಲ್ಫಿಯಾ ಅನ್ನೋದು ಪ್ರಪಂಚದ ಅತಿ ಚಿಕ್ಕ ಹೂಗಿಡ, ರವೆ ಕಾಳಿನಷ್ಟು, ಬೇರು ಅನ್ನೋದೇ ಇಲ್ಲ. ಥಾಯ್ಲೆಂಡಲ್ಲಿ ಹಿಂದಿನಿಂದ್ಲೂ ತಿಂತಾರೆ, ಯುರೋಪಲ್ಲಿ 2021ರಲ್ಲಿ ಮಾರೋಕೆ ಒಪ್ಪಿಗೆ ಸಿಕ್ತು. ಒಣತೂಕದಲ್ಲಿ 20ರಿಂದ 30 ಪರ್ಸೆಂಟ್ ಪ್ರೋಟೀನ್. ವುಲ್ಫಿಯಾ ಮೈಕ್ರೋಸ್ಕೋಪಿಕಾ ಅನುಕೂಲ ಇದ್ರೆ 30 ಗಂಟೆಯೊಳಗೆ ಎರಡರಷ್ಟಾಗುತ್ತೆ, ಹೂಗಿಡಗಳಲ್ಲಿ ಇಷ್ಟು ಬೇಗ ಬೆಳೆಯೋದು ಸಿಗೋದು ಕಷ್ಟ. ಒಂದೇ ಎಚ್ಚರಿಕೆ, ಮೇಲಿನ ಉತ್ತರ ಓದಿದ್ರಲ್ಲ, ನೀರಲ್ಲಿ ಏನಿದ್ಯೋ ಅದನ್ನೆಲ್ಲಾ ಹೀರೋ ಗುಣ ಇದಕ್ಕೂ ಇದೆ. ಎಲ್ಲಿಂದ್ಲೋ ಬಾಚ್ಕೊಂಡು ಬಂದು ತಿನ್ನೋ ಪದಾರ್ಥ ಅಲ್ಲ.

ಪ್ರಶ್ನೆ: ಈ ಜೀನೋಮ್ ಜೀನೋಮ್ ಅಂತ ಕುಣಿಯೋದ್ರಿಂದ ರೈತನಿಗೆ ಏನ್ ಸಿಕ್ತು?

ಭತ್ತ ಸಿಕ್ತು. ಒಡಿಶಾ ಮೂಲದ ಎಫ್‌ಆರ್13ಎ ತಳಿ ಎರಡು ವಾರ ನೆರೆಲಿ ಮುಳುಗಿದ್ರೂ ಬದುಕುತ್ತೆ. ಅದರ ಸಬ್1ಎ ಜೀನನ್ನ 2006ರಲ್ಲಿ ಗುರುತಿಸಿದ್ರು, ಸ್ವರ್ಣ ತಳಿಗೆ ಕ್ರಾಸ್ ಮಾಡಿ ಸೇರ್ಸಿದ್ರು, ಸ್ವರ್ಣ-ಸಬ್1 ಈಗ ನೆರೆ ಬರೋ ಗದ್ದೆಗಳಲ್ಲಿ ಬೆಳೀತಾರೆ. ಮಜಾ ಏನಂದ್ರೆ ಆ ಜೀನ್ ಗಿಡಕ್ಕೆ ಸುಮ್ನಿರು, ಬೆಳೀಬೇಡ, ಶಕ್ತಿ ಉಳಿಸ್ಕೋ ಅನ್ನುತ್ತೆ. 2009ರಲ್ಲಿ ಆಳನೀರಿನ ಭತ್ತದಲ್ಲಿ ಸಿಕ್ಕ ಸ್ನಾರ್ಕೆಲ್ ಜೀನುಗಳು ಪೂರ್ತಿ ಉಲ್ಟಾ, ಓಡು, ನೀರಿಗಿಂತ ಮೇಲೆ ತಲೆ ಎತ್ತು ಅನ್ನುತ್ತೆ. ಎರಡಕ್ಕೂ ಸೂಚನೆ ಕೊಡೋದು ಒಂದೇ ಎಥಿಲೀನ್ ಅನಿಲ. ಬೇಗ ಇಳಿಯೋ ನೆರೆಗೆ ಮೊದಲನೇದು, ತಿಂಗಳುಗಟ್ಟಲೆ ನಿಲ್ಲೋ ನೀರಿಗೆ ಎರಡನೇದು.

ಪ್ರಶ್ನೆ: ಈಗ ಸ್ಯಾಟಲೈಟಿಂದ್ಲೇ ಎಲ್ಲಾ ಗೊತ್ತಾಗುತ್ತಲ್ಲ, ನೀರಿಗಿಳಿದು ಒದ್ದೆ ಆಗೋ ಕಷ್ಟ ಯಾಕೆ?

ತೇಲೋ ಗಿಡ ಗೊತ್ತಾಗುತ್ತೆ. ಸೆಂಟಿನೆಲ್-2 ಅನ್ನೋ ಯುರೋಪಿನ ಸ್ಯಾಟಲೈಟ್‌ಗಳ ಚಿತ್ರದಲ್ಲಿ 10 ಮೀಟರ್ ವಿವರ ಇದೆ, ಐದು ದಿನಕ್ಕೊಮ್ಮೆ ಬರುತ್ತೆ, ಹಯಸಿಂತ್ ಎತ್ಲಾಗೆ ತೇಲ್ಕೊಂಡು ಹೋಯ್ತು ಅಂತ ಆರಾಮಾಗಿ ನೋಡ್ಬಹುದು, ಮೋಡ ಇಲ್ದಿದ್ರೆ. ಮಳೆಗಾಲದ ಉಷ್ಣವಲಯದಲ್ಲಿ ಮೋಡ ಇಲ್ದೆ ಇರುತ್ತಾ? ಮಣ್ಣುನೀರಿನ ಕೆಳಗಿರೋದಂತೂ ಕಾಣೋದೇ ಇಲ್ಲ. ಅದಕ್ಕೆ ಈಗ ಒಂದು ಬಾಟ್ಲಿ ನೀರು ತಗೊಂಡು ಅದರಲ್ಲಿ ಕರಗಿರೋ ಡಿಎನ್‌ಎ ಓದಿ ಯಾವ ಗಿಡ ಇದೆ ಅಂತ ಹೇಳೋ ವಿಧಾನ ಬಂದಿದೆ. ಆದ್ರೆ ಓದಿದ ಡಿಎನ್‌ಎಗೆ ಹೋಲಿಸೋಕೆ ಗುರುತಿಸಿಟ್ಟ ಗಿಡದ ಮಾದರಿ ಬೇಕಲ್ಲ, ಅದಕ್ಕೆ ಯಾರಾದ್ರೂ ಒದ್ದೆ ಆಗ್ಲೇಬೇಕು.

ಪ್ರಶ್ನೆ: ಅಂಥ ಮಾದರಿ ಮಾಡೋಕೆ ನಾನೂ ಟ್ರೈ ಮಾಡಿದೆ ಸಾರ್, ನೀರೊಳಗಿನ ಗಿಡ ಹೊರಗೆ ತೆಗೆದ ತಕ್ಷಣ ಮುದ್ದೆ ಆಗ್ಬಿಡುತ್ತೆ, ಒಣಗಿದ್ಮೇಲೆ ಏನೂ ಗೊತ್ತಾಗಲ್ಲ. ಹೇಗೆ ಮಾಡ್ತಾರೆ?

ಗಾಳಿಲಿ ಬಿಡಿಸೋಕೆ ಹೋಗ್ಬೇಡಿ, ನೀರಲ್ಲೇ ಬಿಡಿಸಿ. ಅಗಲವಾದ ತಟ್ಟೆ ಅಥವಾ ಟ್ರೇಗೆ ಎರಡು ಬೆರಳು ನೀರು ಹಾಕಿ, ಗಿಡ ತೇಲಿಬಿಡಿ, ಅದರ ಕೆಳಗೆ ದಪ್ಪ ಹಾಳೆ ಜಾರಿಸಿ. ಪೇಂಟ್ ಬ್ರಶ್ಶಿಂದ ಎಲೆಗಳನ್ನ ಒಂದೊಂದಾಗಿ ಬಿಡಿಸಿ, ಎಲೆ ಸುತ್ತುಗಳು ಕಾಣೋ ಹಾಗೆ, ಆಮೇಲೆ ಹಾಳೆನ ಒಂದು ಅಂಚಿಂದ ಓರೆಯಾಗಿ ನಿಧಾನಕ್ಕೆ ಎತ್ತಿ, ನೀರು ಇಳಿದುಹೋಗುತ್ತೆ, ಗಿಡ ಬಿಡಿಸಿದ ಹಾಗೇ ಹಾಳೆಗೆ ಕೂರುತ್ತೆ. ಮೇಲೆ ಮೇಣದ ಕಾಗದ ಇಲ್ಲಾ ತೆಳು ಬಟ್ಟೆ ಹಾಕಿ, ಇಲ್ದಿದ್ರೆ ಮೇಲಿನ ಕಾಗದಕ್ಕೆ ಅಂಟ್ಕೊಂಡು ಬರುತ್ತೆ. ಒತ್ತಿಟ್ಟು ಮೊದಲ ಕೆಲವು ದಿನ ಹೀರೋ ಕಾಗದ ದಿನಾ ಬದಲಾಯ್ಸಿ, ಬೂಸ್ಟು ಬರೋದು ಅಲ್ಲೇ. ಹೂ, ಕಾಯಿ ಇದ್ರೆ ಒಂದೆರಡು ಬೇರೆ ತೆಗೆದು ಸ್ಪಿರಿಟ್ ಬಾಟ್ಲಿಲಿ ಹಾಕಿ, ಒಣಗಿದ ಹೂವಲ್ಲಿ ಕೇಸರ ಎಣಿಸೋಕೆ ಆಗಲ್ಲ. ಡಿಎನ್‌ಎಗೆ ಬೇಕಂದ್ರೆ ಎಳೆ ಎಲೆ ಒಂದು ತುಂಡು ಸಿಲಿಕಾ ಜೆಲ್ (ತೇವ ಹೀರೋ ಹರಳು) ಇರೋ ಕವರಿಗೆ. ಹೂವಿನ ಬಣ್ಣ, ನೀರಿನ ಆಳ, ಹರಿಯೋ ನೀರಾ ನಿಂತ ನೀರಾ, ತಾರೀಕು, ಜಾಗ ಇದನ್ನೆಲ್ಲಾ ಅಲ್ಲೇ ನಿಂತು ಪೆನ್ಸಿಲ್ಲಲ್ಲಿ ಬರೀರಿ. ಪೆನ್ನಲ್ಲಿ ಬರೆದ್ರೆ ಟ್ರೇ ನೀರು ತಾಗಿದಾಗ ಅರ್ಧ ಅಳಿಸಿಹೋಗುತ್ತೆ.